ಮುಂದಿನ ವರ್ಷ ನೋಡೋಣ ಅಂದವಳು

"ಆ ಕಾಲು ಕೆಳಗಿಡಬೇಡಿ!"

ಅವಳು ಕೂಗಿದ ರಭಸಕ್ಕೆ ಆ ಯುವಕ ಎತ್ತಿದ ಬಲಗಾಲನ್ನು ಹಾಗೆಯೇ ಗಾಳಿಯಲ್ಲಿ ನಿಲ್ಲಿಸಿಬಿಟ್ಟ. ಎದೆಗವುಚಿಕೊಂಡ ಒಂದು ಕುಂಡ, ಅದರಲ್ಲಿ ಮೊಳದುದ್ದದ ಒಂದು ಗಿಡ, ಕೆಳಗೆ ಒಂಟಿಕಾಲು... ಥೇಟ್ ಕೊಕ್ಕರೆ!

"ಯಾಕೆ? ಹಾವಾ?"

"ಹಾವಲ್ಲ, ಮೂಲಂಗಿ! ನೀವು ನಿಂತಿರೋದು ಪಾತಿ ಮೇಲೆ. ನಿನ್ನೆ ತಾನೇ ಬೀಜ ಹಾಕಿದ್ದೀವಿ."

"ನಂಗೆ ಬರೀ ಮಣ್ಣು ಕಾಣ್ತಿದೆಯಲ್ರೀ..."

"ನಿನ್ನೆ ಹಾಕಿದ್ದು ಇವತ್ತೇ ತಲೆ ಎತ್ತಿ ನಮಸ್ಕಾರ ಹೇಳುತ್ತಾ?"

ಅವನು ಗಂಭೀರವಾಗಿ ಯೋಚಿಸಿ ಕೇಳಿದ. "ಹಾಗಾದ್ರೆ ಈ ಕಾಲು ಎಲ್ಲಿಡ್ಲಿ?"

ಅವಳಿಗೆ ನಗು ಗಂಟಲವರೆಗೂ ಬಂತು. ಅಷ್ಟರಲ್ಲಿ ಹೆಗಲ ಮೇಲೆ ಗುದ್ದಲಿ ಹೊತ್ತು ಅಪ್ಪ ಬರುವುದು ಕಂಡು ನುಂಗಿಕೊಂಡಳು.

"ಯಾರೇ ಚೂಟಿ ಇವನು? ಏನಂತೆ?" ಅಪ್ಪ ಮನೆಮಾತಿನಲ್ಲಿ ಕೇಳಿದ.

ಅವಳು ಈ ಊರಿನ ಮಾತಿಗೆ ತಿರುಗಿಸಿ ಕೇಳಿದಳು. ಕಾಲುವೆಯಾಚೆ ಸಸಿ ಬೆಳೆಸಿ ಮಾರುವವನಂತೆ. ಇವರ ಹೊಲದ ಅಂಚಿನ ಉದ್ದದ ಜಾಗ ಖಾಲಿ ಬಿದ್ದಿರುವುದನ್ನು ದಿನಾ ನೋಡುತ್ತಿದ್ದನಂತೆ. ಅಲ್ಲಿ ಅಂಜೂರ ಚೆನ್ನಾಗಿ ಬರುತ್ತದೆ ಅಂತ ಹೇಳಿಹೋಗಲು ಬಂದಿದ್ದನಂತೆ.

'ಅಂಜೂರ' ಎಂದು ಕೇಳಿದೊಡನೆ ಅಪ್ಪನ ಮುಖ ಬಾಗಿಲು ಹಾಕಿದಂತಾಯಿತು.

"ಮರದ ಮಾತು ನಮ್ಮ ಹತ್ರ ಬೇಡ ಅನ್ನು. ಇನ್ನೊಂದು ಸಲ ಗಿಡ ಹೊತ್ಕೊಂಡು ಬಂದ್ರೆ ಬದು ಹತ್ತಿಸಬೇಡ."

ಅವಳು ಯುವಕನತ್ತ ತಿರುಗಿದಳು. ಕಾಲು ಇನ್ನೂ ಗಾಳಿಯಲ್ಲೇ ಇತ್ತು! ತೊಡೆ ನಡುಗುತ್ತಿದ್ದರೂ ಕಾಣದ ಮೂಲಂಗಿಯ ಮೇಲೆ ಅವನು ಕಾಲಿಟ್ಟಿರಲಿಲ್ಲ.

"ಅಪ್ಪ ಹೇಳ್ತಾರೆ..." ಅವಳ ನಾಲಿಗೆ ತಾನಾಗಿಯೇ ಹೊರಳಿತು. "ಮುಂದಿನ ವರ್ಷ ನೋಡೋಣ ಅಂತೆ."

ಅವನ ಮುಖ ಅರಳಿತು. ಅಪ್ಪನಿಗೆ ಕೈ ಮುಗಿದು, ಬಂದ ಹೆಜ್ಜೆಗುರುತಿನಲ್ಲೇ ಕಾಲಿಡುತ್ತಾ ಹಿಂದೆ ಹಿಂದೆ ನಡೆದು ಹೋದ.

'ಯಾಕೆ ಹಾಗಂದೆ ನಾನು?' ಅವಳು ತನ್ನನ್ನೇ ಕೇಳಿಕೊಂಡಳು.

ಮಾತು ತಿರುಗಿಸುವುದು ಅವಳಿಗೆ ಹೊಸದೇನಲ್ಲ. ಗಡಿ ದಾಟಿ ಇಲ್ಲಿಗೆ ಬಂದಾಗ ಅವಳಿಗೆ ಹನ್ನೊಂದು ವರ್ಷ. ಶಾಲೆ ಸೇರಿ ಆರೇ ತಿಂಗಳಲ್ಲಿ ಈ ಊರಿನ ಮಾತು ಕಲಿತಳು. ಅಂದಿನಿಂದ ಮನೆಯ ಬಾಯಿ ಅವಳೇ. ಆಸ್ಪತ್ರೆಯಲ್ಲಿ ಅಮ್ಮನ ಹೊಟ್ಟೆನೋವು ಹೇಳಿದವಳು ಅವಳು. ಕಾಗದಪತ್ರಕ್ಕಾಗಿ ಆಫೀಸಿನ ಬೆಂಚುಗಳ ಮೇಲೆ ಅಪ್ಪನ ಪಕ್ಕ ದಿನಗಟ್ಟಲೆ ಕೂತವಳು ಅವಳು. ಅಪ್ಪ "ಈ ಗುಮಾಸ್ತನಿಗೆ ಮೈಯೆಲ್ಲಾ ಸೋಮಾರಿತನ" ಎಂದರೆ ಅವಳು "ಅಪ್ಪ ಕಾಯ್ತಾರಂತೆ ಸರ್" ಎನ್ನುತ್ತಿದ್ದಳು. ಹಾಗೆ ಒರಟು ಮಾತಿನ ಮುಳ್ಳು ತೆಗೆದು ಕೊಡುವುದು ಕೈಗೆ ಹತ್ತಿದ ಕೆಲಸವಾಗಿಬಿಟ್ಟಿತ್ತು.

ಆದರೆ ಅಪ್ಪನ ಒಂದು ನಡೆ ಮಾತ್ರ ಅವಳಿಗೆ ಅರ್ಥವೇ ಆಗಿರಲಿಲ್ಲ.

ಮೂಲಂಗಿ, ಪಾಲಕ್, ಹುರುಳಿಕಾಯಿ, ಎಳೆ ಈರುಳ್ಳಿ. ಮೂರು ತಿಂಗಳೊಳಗೆ ಕೈಗೆ ಬರುವುದನ್ನಷ್ಟೇ ಅಪ್ಪ ಬಿತ್ತುತ್ತಿದ್ದ. ನೆಲದ ಒಡೆಯ ಹತ್ತು ವರ್ಷಕ್ಕೆ ಗುತ್ತಿಗೆ ಬರೆದುಕೊಡುತ್ತೇನೆಂದರೂ ಒಂದೊಂದೇ ವರ್ಷಕ್ಕೆ ಬರೆಸಿಕೊಳ್ಳುತ್ತಿದ್ದ. ಮನೆಯೊಳಗೂ ಹಾಗೆಯೇ. ಬಾಗಿಲ ಪಕ್ಕ ಹಗ್ಗ ಬಿಗಿದ ದೊಡ್ಡ ಟ್ರಂಕು ಒಂಬತ್ತು ವರ್ಷದಿಂದ ಬಿಚ್ಚದೆ ನಿಂತಿತ್ತು. ಮೂರು ತಟ್ಟೆ, ಮೂರು ಲೋಟ. ಕಿಟಕಿಗೆ ಪರದೆಯಿಲ್ಲ, ಗೋಡೆಗೆ ಒಂದು ಮೊಳೆಯೂ ಇಲ್ಲ.

ಆ ಸಂಜೆ ಸಂತೆಗೆ ಸೊಪ್ಪಿನ ಕಟ್ಟು ಕಟ್ಟುತ್ತಾ ಅವಳು ಅಮ್ಮನನ್ನು ಕೇಳಿದಳು. "ಅಪ್ಪಂಗೆ ಅಂಜೂರ ಕಂಡ್ರೆ ಯಾಕಮ್ಮಾ ಅಷ್ಟು ಕೋಪ?"

"ಕೋಪ ಅಲ್ಲ ಕಣೇ." ಅಮ್ಮ ಬಾಳೆನಾರನ್ನು ಹಲ್ಲಿನಲ್ಲಿ ಕಚ್ಚಿ ಗಂಟು ಬಿಗಿದಳು. "ಅಲ್ಲಿ ನಮ್ಮೂರಲ್ಲಿ ನಲವತ್ತು ಅಂಜೂರದ ಮರ ಇತ್ತಲ್ಲ. ಹೊರಡೋ ದಿನ ಹಣ್ಣು ತುಂಬ್ಕೊಂಡು ನಿಂತಿದ್ವು. ಗಾಡಿ ಹಾರ್ನ್ ಹೊಡೀತಿದೆ, ಊರಿಗೆ ಊರೇ ಓಡ್ತಿದೆ... ನಿಮ್ಮಪ್ಪ ನಲವತ್ತಕ್ಕೂ ನೀರು ಹಾಕಿ ಬಂದ್ರು. ಒಂದನ್ನೂ ಬಿಡಲಿಲ್ಲ."

"ಆಮೇಲೆ?"

"ಆಮೇಲೇನು, ಗಾಡಿ ಹತ್ತಿದ್ರು. ಕೈ ಇನ್ನೂ ಒದ್ದೆ ಇತ್ತು."

ಸಸಿಯವನನ್ನು ಅವಳು ಮರೆಯಬಹುದಿತ್ತು. ಅವನೇ ಬಿಡಲಿಲ್ಲ. ಪ್ರತಿ ಶನಿವಾರ ಸಂತೆಯಲ್ಲಿ ಅವಳ ಮುಂದೆ ಹಾಜರ್!

"ಮೂಲಂಗಿ ಕೊಡಿ. ನಾಲ್ಕು ಕಟ್ಟು."

"ಹೋದ ವಾರದ್ದು ಖಾಲಿಯಾಯ್ತಾ?"

"ಎಲ್ಲಾ ಖಾಲಿ."

"ನಿಮ್ಮನೇಲಿ ಎಷ್ಟು ಜನ?"

"ನಾನೊಬ್ನೇ."

"ಒಬ್ರೇ ನಾಲ್ಕು ಕಟ್ಟು ಮೂಲಂಗಿ ತಿಂತೀರಾ!"

ಪಕ್ಕದಲ್ಲಿ ಹೂವು ಮಾರುತ್ತಿದ್ದ ಅಕ್ಕ ಕಿಸಕ್ಕನೆ ನಕ್ಕಳು. "ಅದಕ್ಕೇ ಕಣೇ, ಅವನ ಪಕ್ಕ ಯಾರೂ ನಿಲ್ಲೋದಿಲ್ಲ!"

ಅವನ ಕಿವಿ ಕೆಂಪು ಮೂಲಂಗಿಯ ಬಣ್ಣಕ್ಕೆ ತಿರುಗಿತು. ಅವಳ ಕೆನ್ನೆಯೂ ಬಿಸಿಯಾಯಿತು... ಯಾಕೋ!

ಎರಡನೆಯ ವರ್ಷ ಸರಿಯಾಗಿ ಅದೇ ವಾರ ಅವನು ಹೊಲಕ್ಕೆ ಬಂದ. ಈ ಸಲ ಬದುವಿನ ಮೇಲೇ ನಡೆದು ಬಂದ. ಅಪ್ಪ ಕಡ್ಡಿ ತುಂಡು ಮಾಡಿದಂತೆ "ಬೇಡ" ಎಂದ. ಅವಳು ಮತ್ತೆ, "ಮುಂದಿನ ವರ್ಷ ನೋಡೋಣ ಅಂತೆ" ಎಂದಳು. ಈ ಸಲ ಯಾಕೆ ಹಾಗೆಂದಳೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬೇಡ ಎಂದುಬಿಟ್ಟರೆ ಅವನು ಬರುವುದೇ ಇಲ್ಲವಲ್ಲ!

ಮೂರನೆಯ ವರ್ಷ ಆ ವಾರ ಹತ್ತಿರ ಬರುತ್ತಿತ್ತು. ಊಟಕ್ಕೆ ಕೂತಾಗ ಅಪ್ಪ ತಟ್ಟೆ ನೋಡುತ್ತಲೇ ಹೇಳಿದ.

"ನನ್ನ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. ದಕ್ಷಿಣದ ಕಡೆ ನೀರಾವರಿ ನೆಲ ಇದೆಯಂತೆ. ಈ ಮೂಲಂಗಿ ಕಿತ್ತ ಮೇಲೆ ಹೊರಡೋಣ."

ಅಮ್ಮನ ಕಣ್ಣು ಬಾಗಿಲ ಪಕ್ಕದ ಟ್ರಂಕಿನ ಕಡೆ ಹೋಯಿತು. ಚೂಟಿ ಎತ್ತಿದ ತುತ್ತನ್ನು ಮತ್ತೆ ತಟ್ಟೆಗೇ ಹಾಕಿದಳು.

'ಮೂಲಂಗಿ ಬರೋದಕ್ಕೆ ಇನ್ನು ಮೂರೇ ವಾರ... ಅವನಿಗೆ ಹೇಳದೆ ಹೇಗೆ ಹೋಗಲಿ?'

ಮರುದಿನ ಮಧ್ಯಾಹ್ನ ಮೊದಲ ಬಾರಿಗೆ ಕಾಲುವೆ ದಾಟಿ ಅವನ ಸಸಿತೋಟಕ್ಕೆ ಹೋದಳು. ಹಸಿರು ಬಲೆಯ ಚಪ್ಪರ. ಒಂದು ಮೂಲೆಯಲ್ಲಿ ಡೊಳ್ಳುಹೊಟ್ಟೆಯ ಮೇಕೆಯೊಂದು ಮೂಲಂಗಿ ಸೊಪ್ಪನ್ನು ರಾಜಗಾಂಭೀರ್ಯದಿಂದ ಮೆಲ್ಲುತ್ತಿತ್ತು. ಓಹೋ, ನಾಲ್ಕು ಕಟ್ಟು ಇಲ್ಲಿಗೆ ಬರುತ್ತಿತ್ತು!

ನಗಬೇಕೆಂದುಕೊಂಡವಳ ಕಣ್ಣು ಎದುರಿನ ಸಾಲಿನ ಮೇಲೆ ಬಿತ್ತು. ಹನ್ನೊಂದು ದೊಡ್ಡ ಕುಂಡ. ಎದೆಯೆತ್ತರದ ಹನ್ನೊಂದು ಅಂಜೂರದ ಗಿಡ. ಪ್ರತಿಯೊಂದಕ್ಕೂ ಒಂದು ಚೀಟಿ. 'ಸೊಪ್ಪಿನ ಯಜಮಾನರದ್ದು. ಮಾರಬಾರದು.'

"ನೋಡಿಬಿಟ್ರಾ?" ಹಿಂದಿನಿಂದ ಅವನ ಸಂತೋಷದ ದನಿ. "ನಾಳಿದ್ದು ತರೋಣ ಅಂತಿದ್ದೆ. ಎಷ್ಟೋ ಜನ ಕೇಳಿದ್ರು, ಕೊಡ್ಲಿಲ್ಲ. ದೊಡ್ಡವರು ಮಾತು ಕೊಟ್ಟಿದ್ದಾರಲ್ಲ! ಎರಡು ಸಲ ಕುಂಡ ಬದಲಾಯಿಸಿದೆ. ಇನ್ನು ಆಗಲ್ಲ ನೋಡಿ, ಬೇರು ತೂತಿನಿಂದ ಹೊರಗೆ ಬಂದಿದೆ. ಈ ಸಲ ನೆಲಕ್ಕೆ ಹೋಗ್ಲೇಬೇಕು."

ಅವಳು ಒಂದು ಚೀಟಿಯ ಮೇಲೆ ಬೆರಳಿಟ್ಟಳು.

"ಅಪ್ಪ ಮಾತು ಕೊಟ್ಟಿರಲಿಲ್ಲ..."

"ಏನು?"

"ಅಪ್ಪ ಎರಡು ಸಲಾನೂ ಬೇಡ ಅಂದಿದ್ರು. ಮುಂದಿನ ವರ್ಷ ಅಂದಿದ್ದು ನಾನು. ನಾವು ಈ ಊರು ಬಿಟ್ಟು ಹೋಗ್ತಿದ್ದೀವಿ... ಅದನ್ನ ಹೇಳೋಕೆ ಬಂದೆ."

ಅವನ ಕೈಯಲ್ಲಿದ್ದ ನೀರಿನ ಪೈಪು ಒಂದೇ ಕುಂಡಕ್ಕೆ ಸುರಿಯುತ್ತಲೇ ಇತ್ತು. ತುಂಬಿ ಹರಿದು ಅವಳ ಚಪ್ಪಲಿ ನೆನೆಯಿತು.

"ಯಾಕೆ ಹಾಗೆ ಹೇಳಿದ್ರಿ?"

ಉತ್ತರ ನಾಲಿಗೆಯ ತುದಿಯಲ್ಲಿತ್ತು. ಮನೆಯವರೆಲ್ಲರ ಮಾತು ಆಡಿದ ಹುಡುಗಿಗೆ ತನ್ನ ಮಾತೊಂದನ್ನು ಆಡುವುದು ಗೊತ್ತಿರಲಿಲ್ಲ. ತಿರುಗಿ ಓಡಿದಳು.

ಆ ಶನಿವಾರ ಅವನು ಸಂತೆಗೆ ಬರಲಿಲ್ಲ. ಮುಂದಿನ ಶನಿವಾರವೂ ಇಲ್ಲ. ನಾಲ್ಕು ಕಟ್ಟು ಮೂಲಂಗಿ ಬುಟ್ಟಿಯಲ್ಲೇ ಬಾಡಿತು.

ಕೊನೆಯ ಪಾತಿ ಕೀಳುವ ಬೆಳಿಗ್ಗೆ ರಸ್ತೆಯಲ್ಲಿ ಒಂದು ಗಾಡಿ ನಿಂತಿತು. ಅದರ ತುಂಬ ಹನ್ನೊಂದು ಗಿಡಗಳ ತಲೆ!

ಅವನು ಒಂದು ಕುಂಡ ಹೊತ್ತು ಬದುವಿನ ಮೇಲೆ ನೇರವಾಗಿ ಬಂದು ಅಪ್ಪನ ಎದುರು ಇಳಿಸಿದ. ಅವಳ ಕಡೆ ನೋಡದೆಯೇ ಹೇಳಿದ.

"ಇವತ್ತು ನಾನು ಹೇಳಿದ್ದು ಹೇಳಿದ ಹಾಗೇ ತಿರುಗಿಸ್ಬೇಕು. ಒಂದಕ್ಷರ ಆಚೀಚೆ ಆಗ್ಬಾರ್ದು."

ಅವಳು ತಲೆ ತಗ್ಗಿಸಿದಳು.

"ಯಜಮಾನ್ರೇ, ಈ ಗಿಡಗಳು ನಿಮ್ಮವು. ನೀವು ಹೋದ್ರೂ ಇಲ್ಲೇ ನೆಡ್ತೀನಿ. ನೆಲದ ಒಡೆಯರ ಹತ್ರ ಕೇಳಿದ್ದೀನಿ. ದಿನಾ ನೀರು ನಾನೇ ಹಾಕ್ತೀನಿ."

ಅವಳು ತಿರುಗಿಸಿದಳು. ಅಪ್ಪ ಅಲುಗಾಡಲಿಲ್ಲ.

"ಮೊದಲನೇ ವರ್ಷ ಗಿಡ ಮಾರೋಕೆ ಬಂದೆ. ಎರಡನೇ ವರ್ಷ ಬಂದಿದ್ದು ಗಿಡಕ್ಕಲ್ಲ. ನಿಮ್ಮ ಮಗಳು ಮುಂದಿನ ವರ್ಷ ಅನ್ನೋದನ್ನ ಇನ್ನೊಂದು ಸಲ ಕೇಳೋಕೆ."

'ಇದನ್ನು... ನಾನೇ... ಅಪ್ಪನಿಗೆ ಹೇಳಬೇಕಾ?'

"ಅಪ್ಪಾ... ಅವರು... ಎರಡನೇ ವರ್ಷ..."

"ಸಾಕು ಬಿಡು." ಅಪ್ಪ ಕೈಯೆತ್ತಿದ. ಆಮೇಲೆ ಯುವಕನ ಕಡೆ ತಿರುಗಿ, ಈ ಊರಿನ ಮಾತಿನಲ್ಲಿ, ಒಂದೊಂದೇ ಪದ ಹೆಕ್ಕಿ ಹೇಳಿದ. "ಮುಂದಿನ... ವರ್ಷ. ಗೊತ್ತು. ನಂಗೆ ಗೊತ್ತು ಆ ಮಾತು."

ಇಬ್ಬರೂ ಬೆಪ್ಪಾಗಿ ನಿಂತರು.

"ಇಷ್ಟು ವರ್ಷ ಎಲ್ಲಾ ಆಫೀಸಿನಲ್ಲೂ ನಂಗೆ ಹೇಳಿದ್ದು ಅದೊಂದೇ ಅಲ್ವೇನೇ!" ಅಪ್ಪ ಮನೆಮಾತಿಗೆ ಮರಳಿದ. "ಬೇರೆ ಏನು ಬರದಿದ್ರೂ ಅದು ಬರಲ್ವಾ? ಮೊದಲನೇ ದಿನಾನೇ ಕೇಳಿಸ್ಕೊಂಡೆ."

"ಮತ್ತೆ... ಯಾಕಪ್ಪಾ ಸುಮ್ನಿದ್ದೆ?"

ಅಪ್ಪ ಅಂಗೈಯ ಮಣ್ಣು ಕೊಡವಿಕೊಂಡ.

"ಬೈಯೋಣ ಅಂದ್ಕೊಂಡೆ. ಆಮೇಲೆ ಅನ್ನಿಸ್ತು... ನಮ್ಮನೇಲಿ ಒಬ್ಬಳಾದ್ರೂ ಮುಂದಿನ ವರ್ಷಾನೂ ಇಲ್ಲೇ ಇರ್ತೀವಿ ಅಂದ್ಕೊಂಡಿದ್ದಾಳಲ್ಲ. ಅಂದ್ಕೊಳ್ಳಲಿ ಬಿಡು ಅಂತ."

ಚೂಟಿಯ ಕಣ್ಣು ತುಂಬಿತು.

ಅಪ್ಪ ಮಂಡಿಯೂರಿ ಕೂತು ಕುಂಡವನ್ನು ಓರೆ ಮಾಡಿದ. ಗಿಡವನ್ನು ಮಣ್ಣಿನ ಹೆಂಟೆ ಸಮೇತ ಹೊರಗೆಳೆದ. ಬೇರುಗಳು ದಾರಿ ಸಿಗದೆ ತಮ್ಮನ್ನೇ ಸುತ್ತಿ ಸುತ್ತಿ ಹಗ್ಗ ಹೊಸೆದಂತಾಗಿದ್ದವು. ಅಪ್ಪ ಅದನ್ನು ನೋಡಿಯೇ ನೋಡಿದ. ಎಲೆಯೊಂದು ಮುರಿದು ಬೆರಳಿಗೆ ಬಿಳಿ ಹಾಲು ಹತ್ತಿತು. ಆ ಬೆರಳನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದ.

"ಚಾಕು ಕೊಡೇ."

ಸುತ್ತಿಕೊಂಡ ಬೇರನ್ನು ಮೆಲ್ಲಗೆ ಕತ್ತರಿಸಿ, ಬೆರಳಾಡಿಸಿ, ಕೂಸಿನ ಕೂದಲು ಬಿಡಿಸಿದಂತೆ ಬಿಡಿಸಿದ.

"ಎಷ್ಟು ದೂರಕ್ಕೊಂದು ನೆಡ್ತಾನಂತೆ ಕೇಳು ಇವನ್ನ."

"ಎಂಟು ಹೆಜ್ಜೆ ಅಂತೆ ಅಪ್ಪಾ."

"ಹತ್ತು ಬೇಕು ಅನ್ನು! ಸಸಿ ಬೆಳೆಸಿದ್ದಾನೆ ಅಷ್ಟೇ, ಮರ ಬೆಳೆಸಿದವನು ನಾನು."

ಅವಳು ಅಳುತ್ತಲೇ ನಗುತ್ತಾ ಹಾಗೆಯೇ ತಿರುಗಿಸಿದಳು. ಒಂದಕ್ಷರವೂ ಆಚೀಚೆ ಆಗಲಿಲ್ಲ.

ಅಪ್ಪ ಹೊಲದ ಅಂಚಿನಲ್ಲಿ ಹೆಜ್ಜೆ ಎಣಿಸುತ್ತಾ ಹೊರಟ. ಹೊಲಕ್ಕಂಟಿದ ಮನೆಯ ಕಡೆಯಿಂದ ಏನೋ ಧಡಾರನೆ ಸದ್ದಾಯಿತು. ನೋಡಿದರೆ ತೆರೆದ ಬಾಗಿಲ ಹತ್ತಿರ ಅಮ್ಮ ಟ್ರಂಕಿನ ಹಗ್ಗ ಬಿಚ್ಚಿ ಮುಚ್ಚಳ ಎತ್ತಿದ್ದಳು! ಸ್ವಲ್ಪ ಹೊತ್ತಿಗೆ ಅಡುಗೆಮನೆಯ ಕಿಟಕಿಯಲ್ಲಿ ಮಡಿಕೆಯ ಗುರುತು ಹೋಗದ ಹಳದಿ ಪರದೆಯೊಂದು ಅಲುಗಾಡಿತು.

ಅವರಿಬ್ಬರೇ ಉಳಿದರು.

"ನಿಮ್ಮ ಮಾತು ತಿರುಗಿಸಿದ್ದಾಯ್ತು," ಅವಳು ಕಣ್ಣೊರೆಸಿಕೊಂಡಳು. "ನನ್ನ ಮಾತು ಒಂದು ಬಾಕಿ ಇದೆ. ಯಾಕೆ ಹಾಗೆ ಹೇಳಿದ್ರಿ ಅಂತ ಕೇಳಿದ್ರಲ್ಲ..."

"ಹೂಂ?"

"ನೀವು ಮತ್ತೆ ಬರ್ಲಿ ಅಂತ. ಅಷ್ಟೇ. ಪ್ರತಿ ವರ್ಷಾನೂ ಬರ್ಲಿ ಅಂತ."

ಅವನು ಹತ್ತಿರ ಬರಲು ಕಾಲೆತ್ತಿದವನು ತಟ್ಟನೆ ನಿಂತ. ಮಧ್ಯೆ ಅರ್ಧ ಕಿತ್ತ ಪಾತಿಯಿತ್ತು. ಮತ್ತೆ ಅದೇ ಕೊಕ್ಕರೆ!

"ಈ ಕಾಲು ಎಲ್ಲಿಡ್ಲಿ?"

"ಇಡಿ," ಅವಳು ಕೈ ಚಾಚಿದಳು. "ಮೂಲಂಗಿ ಹೋದ್ರೆ ಹೋಗ್ಲಿ. ನಿಮ್ಮ ಮೇಕೆ ಬೇಜಾರು ಮಾಡ್ಕೊಳ್ಳುತ್ತೆ ಅಷ್ಟೇ."

ಅವನು ಕಾಲಿಟ್ಟ. ಅವಳ ಕೈ ಹಿಡಿದ. ಮಣ್ಣು ಮೆತ್ತಿದ ಕೈಗೆ ಮಣ್ಣು ಮೆತ್ತಿದ ಕೈ.

"ಮದುವೆ ಯಾವಾಗ ಅಂತ ನಿಮ್ಮಪ್ಪನ್ನ ಕೇಳು ಚೂಟಿ."

ಅವಳು ಕೂಗಿ ಕೇಳಿದಳು. ಹೊಲದ ಆ ತುದಿಯಿಂದ ಅಪ್ಪ ತಿರುಗದೆಯೇ ಏನೋ ಕೂಗಿದ.

"ಏನಂದ್ರು?"

ಅವಳ ತುಟಿಯಲ್ಲಿ ತುಂಟನಗೆ. "ಮುಂದಿನ ವರ್ಷ ನೋಡೋಣ ಅಂತೆ."

"ನಿಜ ಹೇಳು! ಅಂದಿದ್ದು ಅವರಾ, ನೀನಾ?"

"ಈ ಸಲ ಅಪ್ಪನೇ," ಎಂದಳು. ಮೆಲ್ಲಗೆ ಅವನ ಭುಜಕ್ಕೆ ತಲೆಯಾನಿಸಿದಳು. "ನಾನಾಗಿದ್ರೆ ಇವತ್ತೇ ಅಂತಿದ್ದೆ."