ಮಂಚದ ಕೆಳಗಿನ ಕ್ಲಾಸು

"ಹೇಳೋ, ವಾಟ್ ಕಲರ್?"

ಚಂದನ ಗೋಡೆಯ ಚಾರ್ಟಿಗೆ ಸ್ಕೇಲಿನಿಂದ ಬಡಿದಳು. ಅವಳು ಐದನೇ ಕ್ಲಾಸು. ಅವಳ ತಮ್ಮ ಮುನೀಂದ್ರನಿಗೆ ಇನ್ನೂ ಯಾವ ಕ್ಲಾಸೂ ಇಲ್ಲ. ಅವನು ಮಂಚದ ಕೆಳಗಿದ್ದ.

"ಸಿಟ್ ಪ್ರಾಪರ್ಲೀ! ಲುಕ್ ಹಿಯರ್!" ಚಂದನ ತನ್ನ ಮ್ಯಾತ್ಸ್ ಮಿಸ್ಸಿನಂತೆ ಮೂಗಿನಿಂದ ಗದರಿದಳು. ಈ ದನಿಗೆ ಸ್ಕೂಲಲ್ಲಿ ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಮಂಚ ನಗಲಿಲ್ಲ.

ನಾಳೆ ಮುನಿಯನ್ನು ಅವಳದೇ ಸ್ಕೂಲಿನ ಎಲ್‌ಕೆಜಿಗೆ ಸೇರಿಸಬೇಕು. ಮೇಡಂ ಪ್ರಶ್ನೆ ಕೇಳುತ್ತಾರೆ. "ನಾನೇ ರೆಡಿ ಮಾಡ್ತೀನಿ" ಅಂತ ಚಂದನ ಅಮ್ಮನಿಗೆ ಮಾತು ಕೊಟ್ಟಿದ್ದಳು. ಗೆಳತಿ ಅರ್ಪಿತಳಿಗಂತೂ, "ನನ್ ತಮ್ಮಂಗೆ ಹಂಡ್ರೆಡ್‌ವರೆಗೂ ಬರ್ತದೆ ಕಣೇ" ಅಂದುಬಿಟ್ಟಿದ್ದಳು. ಬೆಳಗಿನಿಂದ ಮುನಿ ಕಲಿತದ್ದು ಒಂದೇ, ಮಂಚದ ಕೆಳಗೆ ಬೇಗ ನುಗ್ಗುವುದು.

ಅಲ್ಲೇ ನೆಲದ ಮೇಲೆ ಅಜ್ಜಿ ಅನುಸೂಯಮ್ಮ ನೆನೆಸಿದ ಅವರೆಕಾಳಿನ ಪಾತ್ರೆ ಇಟ್ಟುಕೊಂಡು ಕೂತಳು. ರಾತ್ರಿಗೆ ಹಿತುಕಿದ ಬೇಳೆ ಸಾರು. ಒಂದೊಂದೇ ಕಾಳನ್ನು ಬೆರಳಲ್ಲಿ ಹಿತುಕಿದರೆ ಸಿಪ್ಪೆ ಕೈಯಲ್ಲಿ, ಬೇಳೆ ಬಟ್ಟಲಲ್ಲಿ.

ಪುಚಕ್.

ಮಂಚದ ಕೆಳಗಿಂದ ಒಂದು ತಲೆ ಬಂತು. "ನಂಗೆ."

"ಪಾಠ ಮುಗೀಲಿ!" ಅಂದಳು ಚಂದನ.

"ಬರ್ಲಿ ಬಿಡೇ. ನೀನೂ ಬಾ, ಕಾಳು ಬಾಳ ಅವೆ," ಅಂದಳು ಅಜ್ಜಿ.

ಮುನಿಯ ಮೊದಲ ಬೇಳೆ ಹಾರಿ ಚಾರ್ಟಿನ ಸೇಬಿಗೆ ಬಡಿಯಿತು. ಮುಂದಿನದು ಅಜ್ಜಿಯ ಕನ್ನಡಕಕ್ಕೆ. ಆಮೇಲೊಂದು ಕಾಳು ಸಿಪ್ಪೆ ಬಿಡಲೇ ಇಲ್ಲ. ಮುನಿ ಅದನ್ನು ಮುಖದ ಹತ್ತಿರ ಹಿಡಿದು ಮೂಗಿನಿಂದ ಗದರಿದ:

"ಸಿಟ್ ಪ್ರಾಪರ್ಲೀ! ಲುಕ್ ಹಿಯರ್!"

ಜೋರಾಗಿ ಹಿತುಕಿದ. ಕಾಳು ನುಚ್ಚಾಯಿತು.

ಅಜ್ಜಿ ನಕ್ಕಳು. ಚಂದನಳಿಗೆ ನಗು ಬರಲಿಲ್ಲ. ಮುನಿ ಮಿಸ್ಸನ್ನು ಯಾವತ್ತೂ ನೋಡಿರಲಿಲ್ಲ. ಅದು ಚಂದನಳದೇ ದನಿ.

ಅವಳು ಸ್ಕೇಲು ಕೆಳಗಿಟ್ಟು ಪಕ್ಕದಲ್ಲಿ ಕೂತಳು. "ನಂಗೊಂದು ಕೊಡೋ."

"ತಗೋ. ಒಂದು ನಿಂಗೆ. ಎರಡು ಅಜ್ಜಿಗೆ. ಮೂರು ಅಮ್ಮಂಗೆ." ಕಪ್ಪಾದ ಕಾಳೊಂದನ್ನು ಮುನಿ ತಾನೇ ಆಚೆ ಇಟ್ಟ. "ಇದು ಬ್ಯಾಡ. ಹಸ್ರುದು ಚೆನ್ನಾಗೈತೆ."

"ಇನ್ನೊಂದ್ಸಲ ಹೇಳು!" ಎಂಬುದು ಚಂದನಳ ನಾಲಿಗೆಯವರೆಗೂ ಬಂತು. ನುಂಗಿಕೊಂಡಳು.

ಮಾರನೇ ದಿನ ಸ್ಕೂಲಲ್ಲಿ ಮೇಡಂ ಕೆಂಪು ಕ್ರೇಯಾನ್ ತೋರಿಸಿ, "ವಾಟ್ ಕಲರ್?" ಅಂದರು. ಮುನಿ ಮೇಜಿನ ಕೆಳಗೆ ಹೋದ. ಅಮ್ಮ ಚಂದನಳನ್ನು ನೋಡಿದಳು. ಚಂದನ ಗದರಲಿಲ್ಲ. ನೆಲದ ಮೇಲೆ ಕೂತು, ಮನೆಯಿಂದ ತಂದಿದ್ದ ಕರ್ಚೀಫಿನ ಗಂಟು ಬಿಚ್ಚಿ ಒಂದು ಕಾಳು ತೆಗೆದಳು.

ಪುಚಕ್.

ಮೇಜಿನ ಕೆಳಗಿಂದ ಒಂದು ಕೈ ಬಂತು. "ನಂಗೆ."

ಮೇಡಂ ಬಗ್ಗಿದರು. "ಎಷ್ಟು ಬೇಕಪ್ಪಾ?"

"ಮೂರು. ಹಸ್ರುದು."

ಮುನಿ ಹಿತುಕಿದ ಮೂರರಲ್ಲಿ ಒಂದು ಹಾರಿ ಮೇಡಂ ಅವರ ಟೀ ಲೋಟಕ್ಕೆ ಬಿತ್ತು. ಅವರು ಲೋಟ ನೋಡಿದರು. ಮುನಿಯನ್ನು ನೋಡಿದರು.

"ಜೂನ್‌ಗೆ ಕಳ್ಸಿ," ಅಂದರು ಅಮ್ಮನಿಗೆ. "ಅಷ್ಟೊತ್ತಿಗೆ ಅವರೆಕಾಯಿ ಸೀಸನ್ ಮುಗ್ದಿರ್ತದೆ."

ಆ ಸಂಜೆ ಚಂದನ ಹೊಟ್ಟೆ ಮೇಲೆ ಮಲಗಿ, ಮಂಚದ ಕೆಳಗೆ ಹಾರಿದ್ದ ಬೇಳೆಗಳನ್ನು ಸ್ಕೇಲಿನಿಂದ ಒಂದೊಂದಾಗಿ ಎಳೆದಳು. ಪಕ್ಕದಲ್ಲಿ ಮಲಗಿ ಮುನಿ ಎಣಿಸುತ್ತಿದ್ದ.

"ನಾಲ್ಕು. ಐದು. ಎಂಟು."

ಚಂದನ ತಿದ್ದಲಿಲ್ಲ. ಇನ್ನೊಂದು ಬೇಳೆ ಎಳೆದುಕೊಟ್ಟಳು.