ಗಗನಭಟರ ಚಿನ್ನದ ಪಿಸ್ತೂಲು

ಮೋಡಗಳು ಇನ್ನೂ ಮರದ ತುದಿಗೆ ಸಿಕ್ಕಿಕೊಳ್ಳುತ್ತಿದ್ದ ಕಾಲ ಅದು. ನಾಗರಪಂಚಮಿಯ ಮಾರನೇ ದಿನ, ಒಂದು ಮಂಗಳವಾರ, ಜವರ ಮೊದಲ ಸಲ ಮನೆ ಬಿಟ್ಟ. ಅಯ್ಯನೋರ ಮಠದಲ್ಲಿ ಮರಳ ಮೇಲೆ ಅಕ್ಷರ ತಿದ್ದುತ್ತಾ ಕೂತಿದ್ದ ಹುಡುಗನಿಗೆ ಕಾಲು ಕಡಿಯಿತು. ಎದ್ದ, ಹೊರಟ, ಅಷ್ಟೇ. ಆಮೇಲೆ ಎಷ್ಟೋ ರಾಜ್ಯ ತಿರುಗಿದ, ಆಳೆತ್ತರ ಬೆಳೆದ, ಆದರೆ ಯಾವೂರಲ್ಲೂ ಚಾಪೆ ಬೆಚ್ಚಗಾಗುವಷ್ಟು ಹೊತ್ತು ಮಲಗಲಿಲ್ಲ.

ಹೀಗೆ ತಿರುಗುತ್ತಾ, ಅಕ್ಕ ಕೆಂಪಿಯನ್ನು ಕೊಟ್ಟಿದ್ದ ಮುಗಿಲೂರು ರಾಜ್ಯಕ್ಕೆ ಬಂದ. ಅಲ್ಲಿ ಗಾಳಿಯೇ ಇರಲಿಲ್ಲ. ಒಲೆಯ ಹೊಗೆ ದಾರಿ ಕಾಣದೆ ಬೀದಿಯಲ್ಲೇ ಬಿದ್ದುಕೊಂಡಿತ್ತು. ರಾಗಿ ತೂರಲಾಗದೆ ಜನ ಹೊಟ್ಟಿನ ಸಮೇತ ಬೀಸಿ ಉಣ್ಣುತ್ತಿದ್ದರು. ಅಕ್ಕ ಕಣದ ನಡುವೆ ಮೊರ ಹಿಡಿದು ನಿಂತಿದ್ದಳು. ಅವಳ ಕಾಲು ಮಂಡಿಯವರೆಗೂ ಬೇರಾಗಿ ನೆಲಕ್ಕಿಳಿದಿತ್ತು.

"ಏನಕ್ಕಾ ಇದು?"

"ಕಣ್ ಕಾಣಾಕಿಲ್ವೇನ್ಲಾ? ಗಾಳಿ ಬತ್ತದೆ, ಬತ್ತದೆ ಅಂತ ಕಾದು ನಿಂತೆ. ಇಲ್ಲಿ ಹಂಗೆ ನಿಂತೋರ್ಗೆಲ್ಲ ಬೇರು ಇಳೀತದೆ. ಸೊಂಟಕ್ಕೆ ಬಂದ್ರೆ ನಾನು ಮರ. ಇಷ್ಟು ವರ್ಷಕ್ಕೆ ಬಂದಿದೀಯ, ಆಮೇಲೆ ನೆರಳಲ್ಲಿ ಕೂತು ಹೋಗುವಂತೆ."

ಜವರನಿಗೆ ನಗು ಬರಲಿಲ್ಲ. ನಿಂತಲ್ಲೇ ಹೆಜ್ಜೆ ಬದಲಿಸುತ್ತಾ, "ಗಾಳಿ ಎಲ್ಲಿ ಹೋಯ್ತು?" ಎಂದ.

ಕೆಂಪಿ ಹೇಳಿದಳು. ಹಿಂದೆ ಯುದ್ಧ ಬಂದಾಗ ಮೂವರು ಸಿಪಾಯಿಗಳು ಬಿದಿರು ಬಟ್ಟೆಯ ರೆಕ್ಕೆ ಕಟ್ಟಿಕೊಂಡು, ಎಲ್ಲರಿಗಿಂತ ಮೊದಲು ಆಕಾಶಕ್ಕೇರಿ ಕಾದಾಡಿದ್ದರು. ಗಗನಭಟರು ಎಂದು ಅವರಿಗೆ ಹೆಸರು. ಅವರು ಹೋದಲ್ಲೆಲ್ಲ ಗಾಳಿ ಕರುವಿನ ಹಾಗೆ ಹಿಂದೆ ಬರುತ್ತಿತ್ತು. ರಾಜ ಅವರ ಗೌರವಕ್ಕೆ ಒಂದು ಪಿಸ್ತೂಲು ಮಾಡಿಸಿದ. ದಂತದ ಹಿಡಿ, ಬೆಳ್ಳಿಯ ಹೂಬಳ್ಳಿ, ನಳಿಗೆಯ ಮೇಲೆ ರೆಕ್ಕೆ ಬಿಚ್ಚಿದ ಮೂವರ ಚಿತ್ರ. "ಬರೀ ಬೆಳ್ಳಿ ವೀರರಿಗೆ ಸಾಲದು, ವರ್ಷಕ್ಕೊಂದು ಪದರ ಚಿನ್ನ ಹೊದಿಸಿ" ಎಂದ ಮಂತ್ರಿ ಹೊಗೆರಾಯ. ಮೊದಲ ಪದರ ಹೊದಿಸಿದ ದಿನವೇ ಮೂವರೂ ಕಾಣೆಯಾದರು. ಗಾಳಿಯೂ ನಿಂತಿತು.

"ಅದನ್ನ ಹಾರಿಸಿದ್ರೆ ಗಾಳಿ ಬತ್ತದೆ ಅಂತಾರೆ. ಅದು ಹೊಗೆರಾಯನ ಗೋಪುರದಲ್ಲೈತೆ. ಅಲ್ಲಿಗೆ ಹತ್ತಿದೋರು ಯಾರೂ ಇಳಿದಿಲ್ಲ. ನೀನು ಬ್ಯಾಡ ಕಣ್ಲಾ."

ಅಷ್ಟರಲ್ಲಿ ಜವರ ಹೊರಟೇಬಿಟ್ಟಿದ್ದ.

ಗೋಪುರದ ಮೊದಲ ಅಂತಸ್ತಿನಲ್ಲಿ ಒಂದು ಕರಡಿ ಹಂಸತೂಲದ ಹಾಸಿಗೆ ಹಾಸಿ ಕಾದಿತ್ತು. "ದಣಿದಿದ್ದೀಯ ತಮ್ಮಾ, ಒಂದು ಗಳಿಗೆ ಮಲಗು." ಸುತ್ತ ಮಲಗಿದವರೆಲ್ಲ ಕೊರಡಾಗಿದ್ದರು. ಜವರನ ರೆಪ್ಪೆ ಎಳೆಯಿತು.

"ಕಾಲು ಕಡೀತದೆ ಕರಡಣ್ಣಾ, ನಾ ಹೊಂಟೆ" ಎಂದು ಮೇಲೆ ಹತ್ತಿದ.

ಎರಡನೇ ಅಂತಸ್ತಿನಲ್ಲಿ ಒಂದು ಕೊಕ್ಕರೆ ಎಲೆ ಹಾಕಿ ಬಿಸಿ ಹೋಳಿಗೆಗೆ ತುಪ್ಪ ಬಿಡುತ್ತಿತ್ತು. "ಹಸಿದಿದ್ದೀಯ ತಮ್ಮಾ, ಒಂದು ಗಳಿಗೆ ಕೂತು ಉಣ್ಣು." ಉಣ್ಣಲು ಕೂತವರೂ ಕೊರಡಾಗಿದ್ದರು.

"ಕಾಲು ಕಡೀತದೆ ಕೊಕ್ಕರಕ್ಕಾ, ನಡ್ಕೊಂಡೇ ತಿಂತೀನಿ" ಎಂದು ಹೋಳಿಗೆಯೊಂದನ್ನು ಮಡಿಚಿ ಬಾಯಿಗಿಟ್ಟುಕೊಂಡು ಮೇಲೆ ಹತ್ತಿದ.

ಮೂರನೇ ಅಂತಸ್ತಿನಲ್ಲಿ ಹೊಗೆರಾಯನೇ ಇದ್ದ. ಸೊಂಟದ ಮೇಲೆ ಮನುಷ್ಯ, ಕೆಳಗೆಲ್ಲ ಬರೀ ಹೊಗೆ. ಕೈಯಲ್ಲಿ ಪಿಸ್ತೂಲು ಧಗಧಗ ಹೊಳೆಯುತ್ತಿತ್ತು.

"ಬಾರಯ್ಯಾ. ಮಲಗು, ಉಣ್ಣು ಅಂತ ನಾನು ಅನ್ನೋದಿಲ್ಲ. ಈ ಪೀಠದ ಮೇಲೆ ಕೂತು ವೀರರ ಪಿಸ್ತೂಲು ಕಾಯಿ. ನಿನ್ನ ಕಾಲು ನನಗೆ ಕೊಡು, ನಿನ್ನ ಅಕ್ಕನ ಕಾಲು ಬಿಡಿಸ್ತೀನಿ."

ಈ ಸಲ ಕಾಲು ಕಡೀತದೆ ಎನ್ನಲು ಜವರನಿಗೆ ಬಾಯಿ ಬರಲಿಲ್ಲ. ಕೂತ.

ಕೂತದ್ದೇ ತಡ, ಅವನ ಹಿಮ್ಮಡಿಯಿಂದ ಬೇರು ಹೊರಟು ಕಲ್ಲಿನ ಸಂದಿಗೆ ಇಳಿಯಿತು. ಜವರ ಕಿಟಕಿಯಾಚೆ ಕಣದ ಕಡೆ ನೋಡಿದ. ಅಕ್ಕ ಹಾಗೇ ನೆಟ್ಟುಕೊಂಡಿದ್ದಳು. ಬೇರು ತೊಡೆಗೇರಿತ್ತು.

"ಬಿಡಿಸ್ತೀನಿ ಅಂದ್ಯಲ್ಲಾ!"

"ಬಿಡಿಸ್ತೀನಿ ಅಂದೆ. ಯಾವಾಗ ಅಂತ ಅಂದ್ನಾ?" ಹೊಗೆರಾಯ ಕೆಮ್ಮುತ್ತಾ ನಕ್ಕ.

ಜವರ ಪಿಸ್ತೂಲು ಕಿತ್ತುಕೊಂಡು ಅವನ ಎದೆಗಿಟ್ಟು ಒತ್ತಿದ. ಹಾರಲಿಲ್ಲ. ಹಾರುವುದು ಹೇಗೆ? ಪದರದ ಮೇಲೆ ಪದರ ಕೂತು ನಳಿಗೆಯ ಬಾಯಿ ಮುಚ್ಚಿಹೋಗಿತ್ತು. ಕಾಲಾಡಿಸಲಾಗದ ಸಂಕಟಕ್ಕೆ ಜವರನ ಕೈ ಸುಮ್ಮನಿರಲಿಲ್ಲ, ಉಗುರು ಚಿನ್ನವನ್ನು ಕೆರೆಯಿತು. ಒಂದು ಹಕ್ಕಳೆ ಎದ್ದಿತು. ಅದರಡಿಯಲ್ಲಿ ಒಬ್ಬ ಗಗನಭಟ ಕಣ್ಣು ಮಿಟುಕಿಸಿದ.

"ಮುಟ್ಟಬೇಡ! ಅದು ವೀರರ ಮರ್ಯಾದೆ! ಗೀರಿದವರ ತಲೆ ಹೋಗ್ತದೆ, ರಾಜಾಜ್ಞೆ!" ಹೊಗೆರಾಯ ಕಿರುಚಿದ.

"ಕಾಲೇ ಹೋದ್ಮೇಲೆ ತಲೆ ಇಟ್ಕೊಂಡು ಏನ್ ಮಾಡ್ಲಿ?"

ಸೊಂಟದ ಚೂರಿ ತೆಗೆದು ಕೆರೆದ. ಒಬ್ಬನ ರೆಕ್ಕೆ ಬಿಟ್ಟಿತು. ಕೆರೆದ. ಇನ್ನೊಬ್ಬನದು ಬಿಟ್ಟಿತು. ಕೆರೆದ. ಮೂರನೆಯವನದೂ ಬಿಟ್ಟಿತು. ಕೊನೆಗೆ ನಳಿಗೆಯ ಬಾಯಿಯ ಬಿಲ್ಲೆಯನ್ನು ಮೀಟಿ ಎಸೆದು, ಮದ್ದಿಲ್ಲದ ಪಿಸ್ತೂಲನ್ನು ಒತ್ತಿದ.

ಮೂವರು ಗಗನಭಟರು ಭರ್ರನೆ ಹೊರಗೆ ಹಾರಿದರು. ಅವರ ಹಿಂದೆಯೇ ಅಷ್ಟೂ ವರ್ಷಗಳ ಗಾಳಿ ನುಗ್ಗಿತು. ಹೊಗೆಗೆ ಗಾಳಿ ತಾಕಿದರೆ ಇನ್ನೇನುಂಟು? ಹೊಗೆರಾಯ ಚಿಂದಿ ಚಿಂದಿಯಾಗಿ ಕಿಟಕಿಯಾಚೆ ಹೋದ. ಕೊರಡಾದವರು ಆಕಳಿಸುತ್ತಾ ಎದ್ದರು, ಕರಡಿ ಕೊಕ್ಕರೆಗಳು ಮಾಯೆ ಕಳಚಿ ಕಾಡಿನ ದಾರಿ ಹಿಡಿದವು, ಜವರನೂ ಸೇರಿ ಬೇರಿಳಿದವರ ಬೇರೆಲ್ಲ ಉದುರಿ ಮತ್ತೆ ಕಾಲು ಬಂದವು. ರಾಜ ಹಾರುತ್ತಿದ್ದ ಕಿರೀಟವನ್ನು ಒತ್ತಿ ಹಿಡಿದುಕೊಂಡು ಓಡಿಬಂದ.

"ಮರ್ಯಾದೆ ಅಂತ ಮಾಡಿದ್ವಪ್ಪಾ" ಎಂದು ಗಗನಭಟರ ಮುಂದೆ ತಲೆ ತಗ್ಗಿಸಿದ. ಅವರಲ್ಲಿ ಹಿರಿಯ, "ಉಸಿರಾಡೋಕೆ ಬಿಡಿ ಬುದ್ಧೀ, ಅದೇ ಸಾಕು" ಎಂದ.

ಅಂದು ಮುಗಿಲೂರಿನ ಕಣಗಳಲ್ಲೆಲ್ಲ ರಾಗಿ ತೂರಿದರು, ಹೊಟ್ಟು ಹಾರಿತು, ಜನ ನುಣ್ಣಗಿನ ಹಿಟ್ಟಿನ ಮುದ್ದೆ ಉಂಡು ಸುಖವಾಗಿದ್ದರು. ಜವರನಿಗೆ ರಾಜ ಗೋಪುರದ ಯಜಮಾನಿಕೆ ಕೊಡಲು ಬಂದ. ಜವರ ಆಗಲೇ ಕಣದ ಅಂಚಿನಲ್ಲಿ ಕಂಬಳಿ ಮಡಿಚಿಟ್ಟು ಗಂಟು ಕಟ್ಟುತ್ತಿದ್ದ.

"ಒಂದೆರಡು ದಿನ ಇರ್ಲಾ," ಎಂದಳು ಕೆಂಪಿ.

"ಕಾಲು ಕಡೀತದಕ್ಕಾ."

ಗಾಳಿ ಗಂಟಿನ ಬಟ್ಟೆಯನ್ನು ಕಟ್ಟಲು ಬಿಡದೆ ಪಟಪಟ ಎಳೆದಾಡುತ್ತಿತ್ತು. ಕೆಂಪಿ ಬೈಯುತ್ತಲೇ ಬಂದು, ಬಟ್ಟೆಯ ಒಂದು ಮೂಲೆಯನ್ನು ತನ್ನ ಕಾಲಿಂದ ಒತ್ತಿ ಹಿಡಿದಳು. "ಹೂಂ, ಬಿಗೀಲಾ ಬೇಗ."