ಕಿತ್ತಳೆ ಬಣ್ಣದ ಪುಡಿ

ಅಕ್ಕನ ಪಾಲಿಗೆ ಬಂದದ್ದು ಬರೀ ಹಿಟ್ಟು. ಆಸ್ಪತ್ರೆಯ ಔಷಧ ಕೋಣೆಯಲ್ಲಿ ಅವಳ ಸೀಸೆಯ ಕ್ಯಾಪ್ಸೂಲೊಂದನ್ನು ಬಿಚ್ಚಿ ನೋಡಿದಾಗ ತಮ್ಮನಿಗೆ ಹೊಟ್ಟೆ ಉರಿದುಹೋಯಿತು. ಅಮ್ಮ ಸತ್ತ ಮೇಲೆ ಅವನನ್ನು ಸಾಕಲೆಂದು ಟೈರ್ ಕಾರ್ಖಾನೆಯ ಹೊಗೆ ಕುಡಿದವಳು ಅವಳು. ಈಗ ಶ್ವಾಸಕೋಶದಲ್ಲಿ ಗಡ್ಡೆ.

ಹೊಗೆಯಿಂದ ಹುಟ್ಟುವ ಫ್ರೀ ರ‍್ಯಾಡಿಕಲ್‌ಗಳು ಕಂಡಕಂಡ ಜೀವಕೋಶಗಳನ್ನು ಕಚ್ಚಿ ಕೆಡಿಸುತ್ತವೆ, ಆಂಟಿಆಕ್ಸಿಡೆಂಟ್ ಎಂಬ ಈ ಹೊಸ ಮದ್ದು ಅವುಗಳ ಹಲ್ಲು ಕೀಳುತ್ತದೆ ಎಂದು ಡಾಕ್ಟರು ಹೇಳಿದ್ದರು. ಆದರೆ ಅದಿನ್ನೂ ಪ್ರಯೋಗ, ಅರ್ಧ ರೋಗಿಗಳಿಗೆ ಮದ್ದು, ಉಳಿದವರಿಗೆ ಹೋಲಿಕೆಗೆಂದು ಹಿಟ್ಟು. ಯಾರಿಗೆ ಯಾವುದೆಂದು ಡಾಕ್ಟರಿಗೂ ಗೊತ್ತಿರಲಿಲ್ಲ. ಸೀಸೆ ಹಂಚುವವನು ಮಾತ್ರ ಬಿಚ್ಚಿ ನೋಡಬಹುದಿತ್ತು, ಆ ಕೆಲಸ ತಮ್ಮನದೇ.

ಲಾರಿ ಚಾಲಕನೊಬ್ಬನ ಸೀಸೆಯಲ್ಲಿ ಕಿತ್ತಳೆ ಬಣ್ಣದ ಪುಡಿ ಸಿಕ್ಕಿತು. ಪಾಪದ ಮನುಷ್ಯ, ಬಂದಾಗಲೆಲ್ಲ "ಇನ್ನೂ ಬದುಕಿದೀನಿ ನೋಡಿ ಸಾರ್" ಎಂದು ನಗುತ್ತಿದ್ದ. ಆದರೂ ಪ್ರತಿ ತಿಂಗಳೂ ತಮ್ಮನು ಅವನ ಮತ್ತು ಅಕ್ಕನ ಸೀಸೆಗಳ ಕ್ಯಾಪ್ಸೂಲ್‌ಗಳನ್ನು ಅದಲುಬದಲು ಮಾಡಿದ. ಚೀಟಿ ಹಾಗೇ, ಎಣಿಕೆ ಹಾಗೇ, ಮೊಹರು ಹೊಸದು. ಬೆರಳಿಗೆ ಅಂಟಿದ ಪುಡಿಯನ್ನು ಸೋಪು ಹಾಕಿ ತಿಕ್ಕಿ ತಿಕ್ಕಿ ತೊಳೆದ. ಅಕ್ಕನಿಗೆ ಓಡಾಟದ ಶ್ರಮ ಬೇಡವೆಂದು ಸೀಸೆಯನ್ನು ತಾನೇ ಮನೆಗೆ ಒಯ್ದ.

"ಬಂಗಾರದ ಬಳೆಯಂತೂ ಮಾಡಿಸ್ಲಿಲ್ಲ ನೀನು. ಈಗ ನೋಡೋ, ಕೈಯೇ ಬಂಗಾರ ಆಗ್ತಿದೆ," ಎಂದು ಅಕ್ಕ ಒಂದು ದಿನ ರೇಗಿಸಿದಳು. ಮೈಗೆ ಕಳೆ ಬರುತ್ತಿದೆ ಅಂದುಕೊಂಡು ಅವನು ಒಳಗೆ ಹೋಗಿ ಅತ್ತ.

ಕೊನೆಗೊಂದು ದಿನ ಡಾಕ್ಟರು ಅಕ್ಕ ತಮ್ಮ ಇಬ್ಬರನ್ನೂ ಕರೆಸಿದರು.

"ಪ್ರಯೋಗ ನಿಲ್ಲಿಸಿದೀವಮ್ಮ. ಯಾರಿಗೆ ಏನು ಕೊಟ್ಟಿದ್ರು ಅಂತ ಇವತ್ತು ಗೊತ್ತಾಯ್ತು. ಮದ್ದು ತಿಂದವರ ಗಡ್ಡೆಯೇ ಬೇಗ ಬೆಳೀತಿದೆ. ಒಳ್ಳೇ ಜೀವಕೋಶಕ್ಕೆ ಸಿಕ್ಕ ರಕ್ಷಣೆ ಗಡ್ಡೆಗೂ ಸಿಕ್ಕಿಬಿಡ್ತು. ನೀವು ಹೆದರಬೇಡಿ, ನಿಮಗೆ ಬಂದಿದ್ದು ಬರೀ ಹಿಟ್ಟು."

ಅಕ್ಕ ನೆಮ್ಮದಿಯ ಉಸಿರು ಬಿಟ್ಟಳು. ಹೊರಗಿನ ಬೆಂಚಿನಿಂದ ಲಾರಿ ಚಾಲಕನ ನಗು ಕೇಳಿಸಿತು. ಹೇಳಿದರೆ ತಮ್ಮನಿಗೆ ಜೈಲು, ಹೇಳದಿದ್ದರೆ ಬೇಗ ಬೆಳೆದ ಗಡ್ಡೆಗೆ ಚಿಕಿತ್ಸೆ ಸಿಗದೆ ಅಕ್ಕ ಉಳಿಯುವುದಿಲ್ಲ. ಅವನು ಬಾಯಿ ತೆರೆಯುವ ಮೊದಲೇ ಡಾಕ್ಟರು ನಾಡಿ ನೋಡಲು ಅವಳ ಕೈ ಹಿಡಿದು ಅಂಗೈ ಮೇಲಕ್ಕೆ ತಿರುಗಿಸಿದರು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದರು. ಮದ್ದು ತಿಂದವರ ಅಂಗೈಯಲ್ಲಿ ಮಾತ್ರ ಅವರು ಕಂಡಿದ್ದ ಬಣ್ಣ ಅದು. ಅವನು ತನ್ನ ಬೆರಳಿನಿಂದ ತಿಕ್ಕಿ ತಿಕ್ಕಿ ತೊಳೆದಿದ್ದ ಅದೇ ಕಿತ್ತಳೆ.